ಆರು ತಿಂಗಳು ಬೆಳಗಾವಿ, ಆರು ತಿಂಗಳು ಬಾಗಲಕೋಟೆ: ಮಗಳನ್ನು ಹೀಗೆ ಹಂಚಿಕೊಂಡು ಸಾಕೋದು ಆಗುತ್ತಾ?

ವಡಗಾವಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಂಡನ ಮನೆ ಬಾಗಲಕೋಟೆ ನವನಗರ, ಅವರ ನೌಕರಿಯೂ ಅಲ್ಲೇ. ಎರಡು ವರ್ಷದಿಂದ ಬೇರೆ ಇದ್ದೇವೆ. ಮಗಳಿಗೆ ಏಳು ವರ್ಷ, ನನ್ನ ಹತ್ತಿರ ಇದ್ದಾಳೆ, ಎರಡನೇ ಕ್ಲಾಸು. ಮ್ಯೂಚುವಲ್ ಡೈವೋರ್ಸಿಗೆ ಇಬ್ಬರೂ ಒಪ್ಪಿದ್ದೇವೆ. ನನ್ನ ಒಡವೆ, ಸಾಮಾನು ಎಲ್ಲ ಮಾತಾಗಿದೆ. ನಿಂತಿರುವುದು ಮಗಳ ವಿಷಯ ಒಂದೇ.

ಅವರ ವಕೀಲರು ಜಂಟಿ ಕಸ್ಟಡಿ ಕೇಳುತ್ತಿದ್ದಾರೆ. ಜನವರಿಯಿಂದ ಜೂನ್ ಅಪ್ಪನ ಮನೆ, ಜುಲೈಯಿಂದ ಡಿಸೆಂಬರ್ ನನ್ನ ಮನೆ. ಹೈಕೋರ್ಟೇ ಹಿಂದೆ ಹೀಗೆ ಆದೇಶ ಮಾಡಿದೆ ಅಂತ ಒಂದು ಕಾಗದವನ್ನೂ ತೋರಿಸಿದರು.

ಆತ ಕೆಟ್ಟ ಅಪ್ಪ ಅಲ್ಲ. ನಮ್ಮಿಬ್ಬರಿಗೆ ಹೊಂದಲಿಲ್ಲ, ಅಷ್ಟೇ. ಮಗಳಿಗೆ ಅಪ್ಪ ಅಂದರೆ ಜೀವ. ಹಾಗಾಗಿ "ಬಿಡಬೇಡ, ಕೋರ್ಟಿನಲ್ಲಿ ನೋಡ್ಕೋ" ಅನ್ನುವ ಸಲಹೆ ಬೇಡ, ಅದನ್ನು ಕೊಡುವುದಕ್ಕೆ ಮನೆಯಲ್ಲಿ ನಮ್ಮ ಕಾಕಾ ಇದ್ದಾರೆ. ಹಂಚಿಕೊಂಡು ಸಾಕಿದವರು, ಹಾಗೆ ಬೆಳೆದವರು ಯಾರಾದರೂ ಇದ್ದರೆ ಹೇಳಿ. ಒಳ್ಳೆಯದೇನು, ತೊಂದರೆ ಏನು?

ಕಪ್ಪು ಕೋಟು, ಬೆಳಗಾವಿ

ಅಕ್ಕಾ, ವಕೀಲನಾಗಿ ಹೇಳುತ್ತೇನೆ. ಅವರು ತೋರಿಸಿದ ಕಾಗದ ಸುಳ್ಳಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಜನವರಿ 1ರಿಂದ ಜೂನ್ 30ರವರೆಗೆ ತಂದೆ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿ ಅಂತ ಹೇಳಿದೆ. ಓದಿನ ಖರ್ಚು ಇಬ್ಬರಿಗೂ ಸಮ. ಮಗು ಒಬ್ಬರ ಮನೆಯಲ್ಲಿದ್ದಾಗ ಇನ್ನೊಬ್ಬರಿಗೆ ಶನಿವಾರ, ಭಾನುವಾರ ಭೇಟಿ. ಫೋನು, ವಿಡಿಯೋ ಕಾಲಿಗೂ ಅವಕಾಶ. 2015ರಲ್ಲಿ ಬಂದ ಕಾನೂನು ಆಯೋಗದ 257ನೇ ವರದಿಯಲ್ಲೂ ಈ ಪ್ರಕರಣ ಇದೆ. ಜಂಟಿ ಕಸ್ಟಡಿಯನ್ನು ಕಾಯ್ದೆಗೇ ಸೇರಿಸಿ ಅಂತ ಆ ವರದಿ ಶಿಫಾರಸು ಮಾಡಿತ್ತು. ಕಾಯ್ದೆ ಮಾತ್ರ ಇನ್ನೂ ಹಾಗೇ ಇದೆ.

ಆದರೆ ಅದು ಆ ಮಗುವಿನ ಪರಿಸ್ಥಿತಿ ನೋಡಿ ಮಾಡಿದ ಆದೇಶ. ಎಲ್ಲರಿಗೂ ಅದೇ ಅಚ್ಚು ಒತ್ತುವುದಿಲ್ಲ. 1956ರ ಹಿಂದೂ ಪಾಲಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು. ನಿಮ್ಮ ಮಗಳು ಆ ವಯಸ್ಸು ದಾಟಿದ್ದಾಳೆ, ಹಾಗಾಗಿ ಅದನ್ನೇ ಹಿಡಿದು ಕೂತರೆ ನಡೆಯಲ್ಲ. 13ನೇ ಕಲಂ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲೆ ಅನ್ನುತ್ತದೆ. ಜಡ್ಜ್ ಸಾಹೇಬರು ನೋಡುವುದು ಇದನ್ನೇ. ನೀವಿಬ್ಬರೂ ಸಹಿ ಹಾಕಿ ಕೊಟ್ಟರೂ ಮಗುವಿಗೆ ಒಳ್ಳೆಯದಲ್ಲ ಅನಿಸಿದರೆ ಕೋರ್ಟ್ ಒಪ್ಪಬೇಕು ಅಂತೇನಿಲ್ಲ.

ಶನಿವಾರ, ಭಾನುವಾರ ಭೇಟಿ ಅಂತ ಇದೆ ಅಲ್ವಾ? ಬೆಳಗಾವಿಯಿಂದ ಬಾಗಲಕೋಟೆ ಸುಮಾರು 140 ಕಿಲೋಮೀಟರ್. ಪ್ರತಿ ವಾರ ಓಡಾಡುವವರು ಯಾರು? ಅವರ ವಕೀಲರನ್ನು ಮೊದಲು ಇದನ್ನು ಕೇಳಿ.

ಗುಮ್ಮಟದ ಅಪ್ಪ

ನಾನು ವಿಜಯಪುರದವನು, ಇನ್ನೊಂದು ಕಡೆಯ ಮಾತು ಹೇಳುತ್ತೇನೆ. ನನಗೆ ಜಂಟಿ ಕಸ್ಟಡಿ ಸಿಗಲಿಲ್ಲ, ಭೇಟಿ ಅಷ್ಟೇ. ತಿಂಗಳಿಗೆ ಎರಡು ಸಲ, ಕೋರ್ಟ್ ಆವರಣದಲ್ಲೇ, ಒಂದು ತಾಸು. ಮಗನಿಗೆ ಆರು ವರ್ಷ. ಬಂದ ತಕ್ಷಣ ನನ್ನನ್ನು ನೋಡುವುದೇ ಇಲ್ಲ. ನನ್ನ ಮೊಬೈಲ್ ಇಸ್ಕೊಂಡು ಗೇಮ್ ಆಡುತ್ತಾನೆ. ಆಮೇಲೆ ನಿಧಾನಕ್ಕೆ ಸರಿದು ತೊಡೆಗೆ ಒರಗುತ್ತಾನೆ. "ಪಪ್ಪಾ, ನಮ್ಮ ಕ್ಲಾಸಿನಲ್ಲಿ ಒಬ್ಬ ಇದಾನಲ್ಲ..." ಅಂತ ಶುರು ಮಾಡುವ ಹೊತ್ತಿಗೆ ಅವನ ಮಾವ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಆ ಕ್ಲಾಸಿನ ಹುಡುಗ ಏನು ಮಾಡಿದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕಾವ್ರೇ, ನಿಮ್ಮ ಗಂಡ ಆರು ತಿಂಗಳು ಕೇಳಿದ್ದು ಜಾಸ್ತಿ ಆಯ್ತು ಅನಿಸಬಹುದು. ಅಪ್ಪಂದಿರು ಯಾಕೆ ಜಾಸ್ತಿ ಕೇಳುತ್ತಾರೆ ಅಂದರೆ, ಕಡಿಮೆ ಕೇಳಿದರೆ ಕೊನೆಗೆ ಉಳಿಯುವುದು ಈ ಒಂದು ತಾಸು ಅನ್ನುವ ಭಯ. ರಾತ್ರಿ ಉಳಿಯದ ಮಗು ಅಪ್ಪನ ಮನೆಗೆ ನೆಂಟ ಆಗಿಬಿಡುತ್ತದೆ.

ಹಿರಿಯ ಸೊಸೆ

ಏನೇ ಹೇಳಿ, ಹೆಣ್ಣುಮಗು ತಾಯಿ ಹತ್ತಿರಾನೇ ಇರಬೇಕು. ನಾಳೆ ದೊಡ್ಡವಳಾದಾಗ ಅಪ್ಪ ಏನು ನೋಡ್ತಾನೆ?

ಗುಮ್ಮಟದ ಅಪ್ಪ

ತಾಯಿ ತೀರಿಹೋದ ಮನೆಗಳಲ್ಲಿ ಯಾರು ನೋಡ್ತಾರೆ ಮೇಡಮ್?

ಹಿರಿಯ ಸೊಸೆ

ಅಜ್ಜಿ ನೋಡ್ತಾಳೆ. ಅದನ್ನೇ ಹೇಳಿದ್ದು ನಾನು.

ನವನಗರ ಸೆಕ್ಟರ್

ಹಿರಿಯ ಸೊಸೆ ಅವರು ಗೊತ್ತಿದ್ದೋ ಗೊತ್ತಿಲ್ಲದೆಯೋ ನಿಜವಾದ ವಿಷಯಕ್ಕೆ ಬಂದರು. ನಮ್ಮ ಕಡೆ ಜಂಟಿ ಕಸ್ಟಡಿ ಅಂದರೆ ಅಪ್ಪ, ಅಮ್ಮನ ನಡುವೆ ಅಲ್ಲ, ಇಬ್ಬರು ಅಜ್ಜಿಯರ ನಡುವೆ. ಅಪ್ಪ ಒಂಬತ್ತೂವರೆಗೆ ಆಫೀಸಿಗೆ ಹೋಗುತ್ತಾನೆ, ಅಮ್ಮ ಲ್ಯಾಬಿಗೆ ಹೋಗುತ್ತಾಳೆ. ಮಧ್ಯಾಹ್ನ ಮಗುವಿಗೆ ಊಟ ಹಾಕಿ ಜಡೆ ಬಿಚ್ಚುವವರು ಯಾರು? ಕೋರ್ಟ್ ಕಾಗದದಲ್ಲಿ ಆ ಇಬ್ಬರ ಹೆಸರೇ ಇರುವುದಿಲ್ಲ. ಸಹಿ ಹಾಕುವ ಮೊದಲು ಅಜ್ಜಿಯರ ಮಂಡಿನೋವು ಎಷ್ಟಿದೆ ಅಂತ ಕೇಳಿಕೊಳ್ಳಿ. ತಮಾಷೆ ಅಲ್ಲ ರೀ.

ಮುಧೋಳ ಮಾಸ್ತರ

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಆರು ತಿಂಗಳ ಲೆಕ್ಕ ಹಾಕಿದವರು ಶಾಲೆಯ ಕ್ಯಾಲೆಂಡರ್ ನೋಡಿಲ್ಲ ತಂಗಿ. ನಮ್ಮಲ್ಲಿ ಶಾಲೆ ಶುರುವಾಗುವುದು ಮೇ ಕೊನೆ, ಜೂನ್ ಹೊತ್ತಿಗೆ. ಜೂನ್ 30ಕ್ಕೆ ಮಗು ಊರು ಬದಲಾಯಿಸಿದರೆ ಹೊಸ ಪುಸ್ತಕಕ್ಕೆ ಬೈಂಡು ಹಾಕಿ ತಿಂಗಳಾಗಿರುತ್ತದೆ ಅಷ್ಟೇ. ಮತ್ತೆ ಡಿಸೆಂಬರ್ ಕೊನೆಗೆ ಇನ್ನೊಂದು ಸಲ. ವರ್ಷಕ್ಕೆ ಎರಡು ಟಿಸಿ. ಈಗ ಎಲ್ಲ ಮಕ್ಕಳ ದಾಖಲೆ ಶಿಕ್ಷಣ ಇಲಾಖೆಯ ಸ್ಯಾಟ್ಸ್ ಆನ್‌ಲೈನ್‌ನಲ್ಲಿ ಇರುತ್ತದೆ, ಹಾಗಾಗಿ ವರ್ಗಾವಣೆ ಮೊದಲಿನಷ್ಟು ಕಷ್ಟ ಅಲ್ಲ ಅನ್ನಬಹುದು. ಕಾಗದ ಹೋಗುತ್ತದೆ, ಮಗು ಹೋಗುವುದಿಲ್ಲ. ಖಾಸಗಿ ಶಾಲೆಯವರು ಆರು ತಿಂಗಳು ಸೀಟು ಕಾಯ್ದಿರಿಸುತ್ತಾರಾ? ಫೀ ಅರ್ಧ ಇಸ್ಕೊಳ್ಳುತ್ತಾರಾ?

ವರ್ಷದ ನಡುವೆ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಪಾಠ ಹಿಂದೆ ಬೀಳುವುದು ಸಣ್ಣ ವಿಷಯ, ಸರಿ ಮಾಡಬಹುದು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಯಾವ ಗುಂಪಿನಲ್ಲಿ ಕೂಡಬೇಕು ಅಂತ ಗೊತ್ತಾಗದೆ ನಿಂತಿರುತ್ತವೆ. ಅದು ಸರಿಹೋಗುವ ಹೊತ್ತಿಗೆ ಮತ್ತೆ ಹೊರಡುವ ದಿನ ಬಂದಿರುತ್ತದೆ.

ಒಂದೇ ಊರಿನಲ್ಲಿ ಎರಡು ಮನೆ ಇದ್ದರೆ ನನ್ನ ತಕರಾರು ಇಲ್ಲ. ಟಿಳಕವಾಡಿಯಲ್ಲಿ ಅಪ್ಪ, ವಡಗಾವಿಯಲ್ಲಿ ಅಮ್ಮ ಇರಲಿ, ಶಾಲೆ ಒಂದೇ ಇರಲಿ. ವಾರ ಇಲ್ಲಿ ವಾರ ಅಲ್ಲಿ ಇದ್ದರೂ ನಡೆಯುತ್ತದೆ.

ಎರಡು ಮನೆ ಹುಡುಗ

ಹಾಗೆ ಬೆಳೆದವರು ಬರೀರಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೀಗ 24. ಅಮ್ಮ ಜಮಖಂಡಿ, ಅಪ್ಪ ವಿಜಯಪುರ. ಶಾಲೆ ಜಮಖಂಡಿಯಲ್ಲಿ. ಶನಿವಾರ ಮಧ್ಯಾಹ್ನ ಅಪ್ಪ ಬರೋರು, ಭಾನುವಾರ ಸಂಜೆ ಬಿಟ್ಟು ಹೋಗೋರು. ದಸರಾ ರಜೆ, ಬೇಸಿಗೆ ರಜೆ ಅಪ್ಪನ ಮನೆ. ಕೋರ್ಟಿನಲ್ಲಿ ಇದಕ್ಕೆ ಜಂಟಿ ಕಸ್ಟಡಿ ಅಂತ ಹೆಸರಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಪಾಲಿಗೆ ಎರಡು ಮನೆ ಇದ್ದವು.

ಒಳ್ಳೆಯದು ಮೊದಲು. ಅಪ್ಪ ನನಗೆ ಹಬ್ಬದ ದಿನ ಬಟ್ಟೆ ತರುವ ಮನುಷ್ಯ ಆಗಲಿಲ್ಲ. ಬೈಯುತ್ತಿದ್ದರು, ಮಗ್ಗಿ ಕೇಳುತ್ತಿದ್ದರು, ಜ್ವರ ಬಂದಾಗ ರಾತ್ರಿ ಎದ್ದು ಕೂರುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಆಪರೇಷನ್ ಆಯಿತು. ಒಂದು ತಿಂಗಳು ಅಪ್ಪನ ಮನೆಯಲ್ಲೇ ಇದ್ದೆ. ಹೊಸ ಜಾಗ ಅನಿಸಲೇ ಇಲ್ಲ.

ಇನ್ನು ಕೆಟ್ಟದ್ದು. ಅಜ್ಜಿ, ಅಂದರೆ ಅಪ್ಪನ ಅವ್ವ, ನಾನು ಹೋದ ಕೂಡಲೇ ಮೈಮೇಲಿದ್ದ ಬಟ್ಟೆ ಬಿಚ್ಚಿಸಿ ತಾನು ತಂದಿಟ್ಟ ಬಟ್ಟೆ ಹಾಕುತ್ತಿದ್ದಳು. ಅಮ್ಮ ಹಾಕಿ ಕಳಿಸಿದ್ದನ್ನು ಒಂದು ಕ್ಯಾರಿಬ್ಯಾಗಿನಲ್ಲಿ ಗಂಟು ಹಾಕಿ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸುತ್ತಿದ್ದಳು. ಭಾನುವಾರ ಹೊರಡುವಾಗ ಮತ್ತೆ ಅದೇ ಬಟ್ಟೆ. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ನನಗೆ ಎಲ್ಲ ತಿಳೀತಿತ್ತು.

ಮತ್ತೊಂದು, ವಿಚಾರಣೆ. "ಅಲ್ಲಿ ಯಾರ್ಯಾರು ಬಂದಿದ್ರು? ಏನು ಅಡುಗೆ? ನಿಮ್ಮಪ್ಪ ಫೋನಿನಲ್ಲಿ ಯಾರ ಜೊತೆ ಮಾತಾಡ್ತಾನೆ?" ಈ ಕಡೆಯೂ ಅದೇ, ಆ ಕಡೆಯೂ ಅದೇ. ಎಲ್ಲದಕ್ಕೂ "ಗೊತ್ತಿಲ್ಲ" ಅನ್ನುವುದನ್ನು ಕಲಿತೆ. ಆ ಚಾಳಿ ಈಗಲೂ ಇದೆ, ಆಫೀಸಿನಲ್ಲಿ ಬೈಸಿಕೊಳ್ಳುತ್ತೇನೆ.

ಭಾನುವಾರದ ಕ್ರಿಕೆಟ್ ಟೀಮಿನಲ್ಲಿ ಯಾವತ್ತೂ ಜಾಗ ಸಿಗಲಿಲ್ಲ. ನಗಬೇಡಿ, ಆ ವಯಸ್ಸಿನಲ್ಲಿ ಡೈವೋರ್ಸಿಗಿಂತ ಜಾಸ್ತಿ ಅತ್ತಿದ್ದು ಅದಕ್ಕೇ. ಒಂಬತ್ತನೇ ಕ್ಲಾಸಿಗೆ ಬಂದಾಗ ನಾನೇ ಹೇಳಿದೆ, ಇನ್ನು ಪ್ರತಿ ವಾರ ಬರಲ್ಲ, ನೀವೇ ಬನ್ನಿ ಅಂತ. ಅಪ್ಪನಿಗೆ ಬೇಜಾರಾಯಿತು, ಆದರೂ ಬಂದರು.

ವಡಗಾವಿ ಅಮ್ಮ

ತಮ್ಮಾ, ನೀನು ಬರೆದದ್ದನ್ನು ರಾತ್ರಿ ಮತ್ತೆ ಓದಿದೆ. "ಅಲ್ಲಿ ಏನು ಅಡುಗೆ" ಅಂತ ನಮ್ಮವ್ವ ಪ್ರತಿ ಸಲ ಕೇಳುತ್ತಾಳೆ. ಇವತ್ತೇ ಹೇಳುತ್ತೇನೆ.

ಹೆಸರು ಬೇಡ

ಇಲ್ಲಿ ಎಲ್ಲರೂ ಒಳ್ಳೆಯ ಅಪ್ಪ, ಒಳ್ಳೆಯ ಅಮ್ಮನ ಲೆಕ್ಕದಲ್ಲಿ ಮಾತಾಡುತ್ತಿದ್ದೀರಿ. ನನ್ನ ಕಥೆ ಬೇರೆ. ಹೊಡೆತ ತಡೆಯಲಾರದೆ ಹೊರಗೆ ಬಂದವಳು ನಾನು. ಮಗುವನ್ನು ಹಂಚಿಕೊಳ್ಳೋಣ ಅಂತ ಹಿರಿಯರು ಕೂಡಿ ಒಪ್ಪಿಸಿದರು. ಅವನಿಗೆ ಬೇಕಾಗಿದ್ದು ಮಗು ಅಲ್ಲ. ವಾರ ವಾರ ನನ್ನ ಮನೆ ಬಾಗಿಲಿಗೆ ಬರುವ ನೆಪ. ಮಗುವನ್ನು ಕರೆದುಕೊಂಡು ಹೋಗುವಾಗ ಒಂದು ಜಗಳ, ಬಿಡುವಾಗ ಒಂದು ಜಗಳ, ಮಗುವಿನ ಕಣ್ಣೆದುರೇ. ಶಾಲೆ ಬದಲಾಯಿಸಲು ಅವನ ಸಹಿ, ಬಾಡಿಗೆ ಮನೆ ಬದಲಾಯಿಸಿದರೆ ಅವನಿಗೆ ಲೆಕ್ಕ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಂ ಅಡಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಕಸ್ಟಡಿ ಕೊಡಬಹುದು. ಭೇಟಿಯಿಂದ ಮಗುವಿಗೆ ತೊಂದರೆ ಇದೆ ಅನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು. ನನಗೆ ಇದು ಗೊತ್ತಾಗಿದ್ದು ತಡವಾಗಿ, ಕಾನೂನು ಸೇವಾ ಪ್ರಾಧಿಕಾರದವರು ಕೊಟ್ಟ ವಕೀಲರಿಂದ. ಹೆಂಗಸರಿಗೆ ಅಲ್ಲಿ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಜಿಲ್ಲಾ ಕೋರ್ಟಿನಲ್ಲೇ ಅವರ ಆಫೀಸು ಇರುತ್ತದೆ. ನನ್ನ ಹಾಗೆ ಇರುವವರು ಇದನ್ನು ಓದುತ್ತಿದ್ದರೆ "ಮಕ್ಕಳಿಗೆ ಅಪ್ಪ ಬೇಕು" ಅನ್ನುವ ಮಾತಿಗೆ ಸುಮ್ನೆ ತಲೆಯಾಡಿಸಬೇಡಿ.

ಕಪ್ಪು ಕೋಟು, ಬೆಳಗಾವಿ

ಇದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಹೊಡೆತ ಬಡಿತ ಇದ್ದ ಕಡೆ ಜಂಟಿ ಕಸ್ಟಡಿ ಮಾತೇ ತೆಗೆಯಬಾರದು.

ಲೆಕ್ಕದ ಮನುಷ್ಯ

ದುಡ್ಡಿನ ಬಗ್ಗೆ ಯಾರೂ ಬರೆದಿಲ್ಲ. ಅಕ್ಕಾ, ಬೇಜಾರಾಗಬೇಡಿ, ಆರಾರು ತಿಂಗಳು ಅಂತ ಕೇಳುವ ಕೆಲವರ ಮನಸ್ಸಿನಲ್ಲಿ ಇರುವುದು "ಮಗು ಅರ್ಧ ವರ್ಷ ನನ್ನ ಹತ್ತಿರ ಇದ್ದರೆ ಮಗುವಿನ ಜೀವನಾಂಶ ಕೊಡಬೇಕಿಲ್ಲ" ಅನ್ನುವ ಲೆಕ್ಕ. ಇಬ್ಬರ ಸಂಬಳ ಒಂದೇ ಇದ್ದರೆ ಅದೂ ಸರಿ ಅನ್ನೋಣ. ಅಪ್ಪನಿಗೆ ಅಮ್ಮನ ಮೂರು ಪಟ್ಟು ಸಂಬಳ ಇದ್ದರೆ? ಆರು ತಿಂಗಳು ಎಸಿ ರೂಮು, ಆರು ತಿಂಗಳು ಬಾಡಿಗೆ ಮನೆ. ಮಗು ಎಲ್ಲಿಗೆ ವಾಲುತ್ತದೆ ಹೇಳಿ.

2020ರಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಪ್ರಕರಣಗಳಲ್ಲಿ ಗಂಡ, ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು ಅಂದಿದೆ. ನೀವು ಮ್ಯೂಚುವಲ್ ಮಾಡಿಕೊಂಡರೂ ಆ ನಮೂನೆಯನ್ನು ಇಟ್ಟುಕೊಂಡು ಇಬ್ಬರೂ ಒಂದು ಸಲ ಬರೆಯಿರಿ. ಫೀ ಎಷ್ಟು, ವ್ಯಾನಿಗೆ ಎಷ್ಟು, ಆಸ್ಪತ್ರೆ ಬಿಲ್ ಯಾರದು, ಎಲ್ಲ ಆಗ ಹೊರಗೆ ಬೀಳುತ್ತದೆ.

ವಡಗಾವಿ ಅಮ್ಮ

ಸರ್, ಆ ಅನುಮಾನ ನನಗಿಲ್ಲ. ಫೀ ಅವರೇ ಕಟ್ಟುತ್ತಿದ್ದಾರೆ, ಒಂದು ಸಲವೂ ತಪ್ಪಿಸಿಲ್ಲ. ಆದರೆ ನಮೂನೆ ಬರೆಯುವುದು ಒಳ್ಳೆಯದು ಅನಿಸಿತು.

ಬಡೇ ಕಮಾನ್

ನಮ್ಮ ತಂಗಿಯ ಕೇಸು ವಿಜಯಪುರದಲ್ಲಿ ನಡೆಯುತ್ತಿದೆ. ನಮ್ಮಲ್ಲಿ ಶರೀಯತ್ ಪ್ರಕಾರ ಹಿಜಾನತ್, ಅಂದರೆ ಚಿಕ್ಕ ಮಕ್ಕಳನ್ನು ಹತ್ತಿರ ಇಟ್ಟುಕೊಂಡು ಸಾಕುವ ತಾಯಿಯ ಹಕ್ಕು, ಅಂತ ಇದೆ. ಹನಫಿ ಪದ್ಧತಿಯಲ್ಲಿ ಗಂಡು ಮಗ ಏಳು ವರ್ಷದವರೆಗೆ, ಹೆಣ್ಣುಮಗಳು ಮೈನೆರೆಯುವವರೆಗೆ ತಾಯಿ ಹತ್ತಿರ. ಆದರೂ ಕೋರ್ಟಿಗೆ ಹೋದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಬರುತ್ತದೆ. ಮಗು ತಿಳಿವಳಿಕೆಯ ವಯಸ್ಸಿಗೆ ಬಂದಿದ್ದರೆ ಅದರ ಇಷ್ಟವನ್ನೂ ಕೇಳಬಹುದು ಅಂತ 17ನೇ ಕಲಂನಲ್ಲಿದೆ. ಜಡ್ಜ್ ಮೇಡಮ್ ನಮ್ಮ ಸೋದರಳಿಯನನ್ನು ಚೇಂಬರಿಗೆ ಕರೆದು ಒಬ್ಬನನ್ನೇ ಮಾತಾಡಿಸಿದರು. ಹೊರಗೆ ಬಂದವನನ್ನು ಎರಡೂ ಕಡೆಯವರು ಮುತ್ತಿಕೊಂಡು "ಏನು ಹೇಳಿದೆ, ಏನು ಹೇಳಿದೆ" ಅಂತ ಹಿಂಡಿಬಿಟ್ಟರು. ದಯವಿಟ್ಟು ಹಾಗೆ ಮಾಡಬೇಡಿ.

ಕಬ್ಬಿನ ಸೀಸನ್

ನಾನು ಮುಧೋಳ ಕಡೆ ಸಕ್ಕರೆ ಕಾರ್ಖಾನೆಯಲ್ಲಿದ್ದೇನೆ. ಕಬ್ಬು ಅರೆಯುವ ಸೀಸನ್ ಶುರುವಾದರೆ, ಅಂದರೆ ದೀಪಾವಳಿ ಆಸುಪಾಸಿನಿಂದ ಮಾರ್ಚ್‌ವರೆಗೆ, ಪಾಳಿ ಡ್ಯೂಟಿ. ಆಗ ಮಗನನ್ನು ಕರೆತಂದರೆ ಅವನು ಮನೆಯಲ್ಲಿ, ನಾನು ಮಿಲ್ಲಿನಲ್ಲಿ. ಕಾಗದದ ಮೇಲೆ ನನಗೂ ತಿಂಗಳಿಗೆ ಎರಡು ಶನಿವಾರ, ಭಾನುವಾರ ಇತ್ತು. ಬರಲಿಲ್ಲ ಅಂತ ಅವರ ಕಡೆಯವರು ಕೋರ್ಟಿನಲ್ಲಿ ಎತ್ತಾಡಿದರು. ಆಮೇಲೆ ನನ್ನ ಹೆಂಡತಿ, ಅಂದರೆ ಮೊದಲಿನ ಹೆಂಡತಿ, ತಾನೇ ಫೋನ್ ಮಾಡಿದಳು. "ಸೀಸನ್ನಿನಲ್ಲಿ ಬಿಡು, ಮುಗಿದ ಮೇಲೆ ಬೇಸಿಗೆ ರಜೆ ಪೂರ್ತಿ ಇಟ್ಟುಕೋ" ಅಂದಳು. ವಕೀಲರು ಇಬ್ಬರ ಸಹಿ ತಗೊಂಡು ಕೋರ್ಟಿನಿಂದ ಆದೇಶ ಬದಲಾಯಿಸಿಕೊಟ್ಟರು. ಈಗ ನೆಮ್ಮದಿ ಇದೆ.

ದಿನ ಸಮ ಮಾಡಲು ಹೋಗಬೇಡಿ. ಯಾರಿಗೆ ಯಾವಾಗ ಪುರುಸೊತ್ತು ಅಂತ ನೋಡಿ.

ಕಪ್ಪು ಕೋಟು, ಬೆಳಗಾವಿ

ಸರಿಯಾಗಿ ಹೇಳಿದಿರಿ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಡಿಕ್ರಿ ಆದ ಮೇಲೂ ಮಕ್ಕಳ ವಿಷಯದ ಆದೇಶ ಬದಲಾಯಿಸಬಹುದು. ಏಳು ವರ್ಷದ ಮಗುವಿಗೆ ಬರೆದದ್ದು ಹದಿನಾಲ್ಕಕ್ಕೆ ಹೊಂದುವುದಿಲ್ಲ.

ಅಕ್ಕಾ, ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಕೇಸಿನಲ್ಲಿ ಹಂಚಿಕೊಳ್ಳಬೇಕಾಗಿರುವುದು ನಿರ್ಧಾರ. ದಿನ ಅಲ್ಲ. ಯಾವ ಶಾಲೆ, ಯಾವ ಮಾಧ್ಯಮ, ಆಪರೇಷನ್ ಬೇಕಾದರೆ ಒಪ್ಪಿಗೆ, ಶಾಲೆಯ ಪಾಲಕರ ಸಭೆಗೆ ಇಬ್ಬರಿಗೂ ಕರೆ, ಮಾರ್ಕ್ಸ್ ಕಾರ್ಡ್ ಇಬ್ಬರ ಫೋನಿಗೂ ಬರಬೇಕು. ಇದನ್ನೆಲ್ಲ ಜಂಟಿ ಅಂತ ಬರೆಯಿರಿ. ಮಗಳು ಶಾಲೆ ದಿನಗಳಲ್ಲಿ ಇರುವುದು ಬೆಳಗಾವಿ. ಎಷ್ಟೋ ಅಪ್ಪಂದಿರಿಗೆ ನೋವಾಗುವುದು ದಿನ ಕಡಿಮೆ ಆಗಿದ್ದಕ್ಕಲ್ಲ, ಮಗುವಿನ ಬದುಕಿನಲ್ಲಿ ತಮ್ಮನ್ನು ಯಾರೂ ಕೇಳುವುದೇ ಇಲ್ಲ ಅನ್ನುವುದಕ್ಕೆ. 2020ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ದೂರದಲ್ಲಿರುವ ತಂದೆ ಅಥವಾ ತಾಯಿಗೆ ಭೇಟಿಯ ಜೊತೆ ಫೋನು, ವಿಡಿಯೋ ಕಾಲಿನ ಹಕ್ಕೂ ಇರಬೇಕು ಅಂದಿದೆ.

ಗುಮ್ಮಟದ ಅಪ್ಪ

ವಕೀಲ ಸಾಹೇಬರೇ, ವಿಡಿಯೋ ಕಾಲ್ ಅಂತ ಬರೆದರೆ ಸಾಲದು. ಎಷ್ಟು ಹೊತ್ತಿಗೆ, ಯಾರ ಫೋನಿನಲ್ಲಿ ಅಂತ ಬರೆಸಿ. ನನಗೆ ಪ್ರತಿ ಸಲ "ಮಲಗಿದ್ದಾನೆ", ಇಲ್ಲ "ನೆಟ್‌ವರ್ಕ್ ಇಲ್ಲ".

ವಡಗಾವಿ ಅಮ್ಮ

ಎಲ್ಲರ ಮಾತು ಕೇಳಿ ಒಂದು ಕರಡು ಬರೆದಿದ್ದೇನೆ. ಅವರ ಜೊತೆಗೂ ಫೋನಿನಲ್ಲಿ ಮಾತಾಡಿದೆ. ವಕೀಲರಿಲ್ಲದೆ ಮಾತಾಡಿದ್ದು ಬಹಳ ದಿನಗಳ ಮೇಲೆ.

ಶಾಲೆ ಬೆಳಗಾವಿಯಲ್ಲೇ. ತಿಂಗಳಿಗೆ ಎರಡು ವಾರಾಂತ್ಯ ಅಪ್ಪನ ಜೊತೆ. ಒಂದು ಸಲ ಮಗಳು ಬಾಗಲಕೋಟೆಗೆ ಹೋಗುವುದು, ಒಂದು ಸಲ ಅವರೇ ಇಲ್ಲಿಗೆ ಬಂದು ಅವರ ಅಕ್ಕನ ಮನೆಯಲ್ಲಿ ಉಳಿಯುವುದು. ಮಗಳನ್ನು ಒಪ್ಪಿಸುವ ಜಾಗ ಯರಗಟ್ಟಿ ಬಸ್ ಸ್ಟ್ಯಾಂಡ್, ಇಬ್ಬರಿಗೂ ಹೆಚ್ಚು ಕಡಿಮೆ ಅರ್ಧ ದಾರಿ. ನನಗೂ ಮಗಳಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಖರ್ಚು ಅವರಿಗೇ. ಇದಕ್ಕೆ ಅವರು ನಕ್ಕರು. ದಸರಾ ರಜೆ ಪೂರ್ತಿ ಅಪ್ಪನ ಮನೆ. ಬೇಸಿಗೆ ರಜೆ ಅರ್ಧ ಅರ್ಧ. ಶಾಲೆ, ಆಸ್ಪತ್ರೆ ನಿರ್ಧಾರ ಇಬ್ಬರದೂ. ರಾತ್ರಿ ಎಂಟಕ್ಕೆ ಕಾಲ್, ನನ್ನ ಫೋನಿನಲ್ಲಿ. ಎರಡು ವರ್ಷ ಆದ ಮೇಲೆ ಮತ್ತೆ ಕೂತು ನೋಡುವುದು.

ಗಂಟು ಬಿದ್ದಿರುವುದು ಹಬ್ಬದಲ್ಲಿ. ಪಂಚಮಿ ಇಬ್ಬರಿಗೂ ಬೇಕು. ಪಂಚಮಿಗೆ ನಾನು ತವರಿನಲ್ಲಿ ಇರುತ್ತೇನೆ, ಮಗಳಿಗೆ ಜೋಕಾಲಿ, ಉಂಡಿ ಎಲ್ಲ ಇಲ್ಲೇ ರೂಢಿ. ಅವರ ಅವ್ವ "ಮನೆ ಮಗಳು ಹುತ್ತಕ್ಕೆ ಹಾಲೆರೆಯಲು ಇಲ್ಲೇ ಬರಬೇಕು" ಅನ್ನುತ್ತಿದ್ದಾರೆ.

ನವನಗರ ಸೆಕ್ಟರ್

ನೋಡಿದ್ರಾ? ಅಜ್ಜಿ ಬಂದರು.

ಹಿರಿಯ ಸೊಸೆ

ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಮಾಡಿ. ದೀಪಾವಳಿ ಅದಕ್ಕೆ ತಿರುಗಾ ಮುರುಗಾ. ನಾನು ಬೇಡ ಅಂದಿದ್ದೆ, ಆದರೂ ಕರಡು ಚೆನ್ನಾಗಿದೆ ತಂಗಿ. ದೊಡ್ಡವಳಾದ ಮೇಲೆ ಅವಳನ್ನೇ ಕೇಳಿ ಬದಲಾಯಿಸಿಕೊಳ್ಳಿ.

ಕಪ್ಪು ಕೋಟು, ಬೆಳಗಾವಿ

ಸಮ ಸಂಖ್ಯೆಯ ವರ್ಷ ಯಾರಿಗೆ, ಬೆಸ ಸಂಖ್ಯೆಯ ವರ್ಷ ಯಾರಿಗೆ ಅಂತ ಬರೆದುಬಿಡಿ, ನೆನಪಿನ ಮೇಲೆ ಬಿಡಬೇಡಿ. ಬೇಸಿಗೆ ರಜೆ "ಅರ್ಧ" ಅಂತ ಮಾತ್ರ ಬರೆದಿದ್ದೀರಿ. ಯಾವ ಅರ್ಧ? ಜಗಳ ಶುರುವಾಗುವುದೇ ಇಂಥ ಕಡೆ.

ಮುಧೋಳ ಮಾಸ್ತರ

ಎರಡನೇ ಅರ್ಧ ತಾಯಿಗೆ ಇರಲಿ. ಶಾಲೆ ಶುರುವಾಗುವ ಮೊದಲು ಯೂನಿಫಾರ್ಮು, ಪುಸ್ತಕ, ಬೂಟು ತರುವುದು ಇರುತ್ತದೆ.

ಕಬ್ಬಿನ ಸೀಸನ್

ಮತ್ತೆ ಮೇ ತಿಂಗಳ ಬಾಗಲಕೋಟೆ ಬಿಸಿಲಿಗೆ ಬೆಳಗಾವಿ ಕೂಸು ತಡೆಯಲ್ಲ ಅಕ್ಕಾ. ಏಪ್ರಿಲ್ ಕಳಿಸಿ.